‘ಮುಟ್ಟಬೇಡಿ’ ಬೋರ್ಡಿನ ಮನಿಗಳು

ಮಂದಿ ಇರೋ ಮನ್ಯಾಗ ದಿನಕ್ಕೊಂದು ಫಜೀತಿ ಆದ್ರ ಅದರಾಗ ವಿಶೇಷ ಏನಿಲ್ಲ. ನಾ ಕೆಲಸ ಮಾಡೋದು ಯಾರೂ ಇರಲಾರದ ಮನಿಗಳಾಗ. ಅಲ್ಲಿ ದಿನಕ್ಕೆರಡು ಆಗ್ತಾವಂದ್ರ ಯಾರ ಮುಂದ ಹೇಳ್ಬೇಕ್ರಿ?

ಬೀದರದಿಂದ ಬಗದಲ್ ಕಡಿ ಹೋಗೋ ದಾರ್ಯಾಗ ನಮ್ಮ ಬಯಲು ಮ್ಯೂಸಿಯಂ ಅದ. ಹಳ್ಳಿಗೋಳಾಗ ಬೀಳಲಿಕ್ಕ ಬಂದಿದ್ದ ಹಳಿ ಮನಿಗಳ ಕಂಬ, ಬಾಗಲ, ತೊಲಿ ತಂದು, ಕೆಂಪು ಕಲ್ಲು, ಮಣ್ಣು ಹಚ್ಚಿ ಇಲ್ಲಿ ಮತ್ತ ನಿಲ್ಲಿಸ್ಯಾರ. ಭಾಲ್ಕಿ ಕಡಿ ದೊಡ್ಡ ವಾಡೆ ಒಂದು, ಔರಾದ ಕಡಿ ಒಕ್ಕಲುತನದವರ ಮನಿ ಒಂದು, ಕುರಿ ಕಾಯೋರ ಗುಡಿಸಲ ಒಂದು, ಹಿಂಗ ಏಳೆಂಟು. ಒಳಗ ಸಿಮೆಂಟಿನ ಮಂದಿ ಕುಂತಾರ. ಬಂದವರಿಗಿ ಅವರನ್ನೆಲ್ಲಾ ತೋರಿಸೋಕಿ ನಾನು. ತವರು ಭಾಲ್ಕಿ, ಕೊಟ್ಟಿದ್ದು ಬೀದರಕ್ಕ, ನೌಕರಿ ಗುತ್ತಿಗಿ, ಬಾಯಿ ಮಾತ್ರ ಕಾಯಂ.

ಹೋದ ವರ್ಷ ಬೆಂಗಳೂರಿಂದ ಒಬ್ಬ ಸಾಹೇಬರು ತಪಾಸಣಿಗಿ ಬಂದ್ರು. ಕಾಲಾಗಿನ ಬೂಟು ಬಿಡಲಾರದೇ ಎಲ್ಲಾ ಮನಿ ಸುತ್ತಿದ್ರು. ಒಂದು ಮಾತಾಡಲಿಲ್ಲ, ಒಂದು ಗುಟುಕು ನೀರು ಕುಡೀಲಿಲ್ಲ. ವಾಪಸ್ ಹೋಗಿ ಒಂದೇ ಸಾಲು ಬರೆದು ಕಳಿಸಿದ್ರು: "ಮನೆಗಳಿವೆ, ಬದುಕಿಲ್ಲ." ಆರು ತಿಂಗಳು ಬಿಟ್ಟು ಹೇಳಲಾರದೇ ಮತ್ತ ಬರ್ತಾರಂತ. ಆಗೂ ಬದುಕು ಕಾಣಲಿಲ್ಲಂದ್ರ ಮ್ಯೂಸಿಯಂಗ ಕೀಲಿ, ನಾನೂ ಗೇಟ್ ಕಾಯೋ ಚಾಚಾನೂ ಮನಿಗಿ. ನನಗ ಖರೇನ ಅಂಜಿಕಿ ಹತ್ತಿತ್ರಿ. ಈ ವಯಸ್ಸಿನಾಗ ನನಗ ಬ್ಯಾರೆ ಕೆಲಸ ಯಾರು ಕೊಡ್ತಾರ? ಮತ್ತ ಸಿಮೆಂಟಿನ ಮಂದಿಗಿ ನಾ ಎಲ್ಲಿಂದ ಜೀವ ತರಲಿ?

ಆ ಆರು ತಿಂಗಳದಾಗ ಆಗಿದ್ದು ಇವು.

೧. ಕೆಮ್ಮೋ ಮುತ್ಯಾ

ಒಂದಿನ ಠಾಣಾ ಕುಶನೂರಿನ ಕಡಿಯವನು ಒಬ್ಬ ಮುತ್ಯಾ ಬಂದಾ. ಬಿಳಿ ಧೋತರ, ತಲಿಗಿ ರುಮಾಲು. ಔರಾದ ಮನಿ ಬಾಗಲದಾಗ ನಿಂತು ಕೆಮ್ಮಿದಾ. ಜರಾ ತಡೆದು ಮತ್ತ ಕೆಮ್ಮಿದಾ. ಐದು ನಿಮಿಷ ಆದ್ರೂ ಕೆಮ್ಮು ನಿಲ್ಲವಲ್ದು, ಮುತ್ಯಾ ಒಳಗ ಹೋಗವಲ್ಲ. ಎದಿಯಾಗ ಏನರ ಆಗ್ಯದ ಅಂತ ನಾ ನೀರಿನ ಚರಿಗಿ ಹಿಡಕೊಂಡು ಓಡಿದೆ.

"ಮುತ್ಯಾ, ನೀರು ಕುಡೀರಿ. ಕೆಮ್ಮು ಭಾಳ ಅದೇನು?"

"ನನಗ್ಯಾಕ ಕೆಮ್ಮು ಇರ್ತದವ್ವ? ಒಳಗ ಹೆಣ್ಮಕ್ಕಳು ಬೀಸಲಿಕ್ಕ ಕುಂತಾರ. ಸಪ್ಪಳ ಮಾಡಲಾರದೇ ಹ್ಯಾಂಗ ಒಳಗ ಹೋಗ್ಬೇಕು? ಒಬ್ಬಾಕಿನೂ ತಲಿಮ್ಯಾಗಿನ ಸೆರಗು ಸರಿ ಮಾಡ್ಕೊವಲ್ಲಳು!"

ನಗು ತಡಕೊಂಡು ಹೇಳಿದೆ: "ಅವು ಸಿಮೆಂಟಿನವು ಮುತ್ಯಾ."

ಮುತ್ಯಾ ಕಣ್ಣು ಕಿರಿದು ಮಾಡಿ ಒಳಗ ನೋಡಿದಾ. "ಸಿಮೆಂಟಿನವಾದ್ರೂ ಹೆಣ್ಮಕ್ಕಳೇ ಅಲ್ಲೇನು?" ಅಂದು, ಮತ್ತೊಮ್ಮಿ ಕೆಮ್ಮಿ, ತಲಿ ಕೆಳಗ ಹಾಕೊಂಡೇ ಒಳಗ ಹೋದಾ. ಪಡಸಾಲಿ, ಅಡಗಿ ಮನಿ, ದನದ ಕೊಟ್ಟಿಗಿ ಎಲ್ಲಾ ಸುತ್ತಿ ಹಂಗೇ ತಲಿ ಕೆಳಗ ಹಾಕೊಂಡು ಹೊರಗ ಬಂದಾ. ನೋಡಿದವರ ಅಭಿಪ್ರಾಯ ಬರ್ಕೋಬೇಕಂತ ನಮಗ ಹುಕುಂ ಅದ. ಹ್ಯಾಂಗದ ಮುತ್ಯಾ ಮನಿ, ಅಂತ ಕೇಳಿದೆ.

"ನೆಲ ಭಾಳ ಛಂದ ಸಾರಿಸ್ಯಾರ," ಅಂದಾ.

೨. ಆಶೀರ್ವಾದದ ಕೈ

ಭಾಲ್ಕಿಯಿಂದ ಸಂಘದ ಹೆಣ್ಮಕ್ಕಳು ಒಂದು ಟೆಂಪೋ ತುಂಬ ಬಂದಿದ್ರು. ನನ್ನ ತವರೂರಿನವರು ಅಂತ ನಾ ಜರಾ ಜಂಬದಿಂದಲೇ ವಾಡೇದ ಅಡಗಿ ಮನಿ ತೋರಿಸಿದೆ. "ಇಲ್ಲಿ ನೋಡ್ರಿ, ಹಿಂದಿನ ಕಾಲದ ಗೃಹಿಣಿ ರೊಟ್ಟಿ ಬಡೀಲಿಕ್ಕತ್ಯಾಳ."

ಒಬ್ಬ ಆಯಿ ಮುಂದ ಬಂದು ಸಿಮೆಂಟಿನಾಕಿ ಮುಂದ ಕುಕ್ಕರಗಾಲಿಲೆ ಕುಂತಳು. ಕೈ ನೋಡಿದಳು, ಮಾರಿ ನೋಡಿದಳು, ಮತ್ತ ಕೈ ನೋಡಿದಳು.

"ಈಕಿ ಜನ್ಮದಾಗ ರೊಟ್ಟಿ ಬಡದಿಲ್ಲ. ಇದು ರೊಟ್ಟಿ ಬಡಿಯೋ ಕೈ ಅಲ್ಲ, ಆಶೀರ್ವಾದ ಮಾಡೋ ಕೈ."

ಏನು ಹೇಳ್ಲಿ, ಖರೇನ ಇತ್ತು. ಮೂರ್ತಿ ಮಾಡಿದವ ಗುಡಿಗಳಿಗಿ ದೇವಿ ಮಾಡಿ ಕೊಡೋ ಕಸುಬಿನವ. ಅದೇ ಅಚ್ಚಿನಾಗ ಈಕಿನ್ನೂ ಎರಕ ಹೊಯ್ದು, ಕೈ ಕೆಳಗ ರೊಟ್ಟಿ ಬಡಿಯೋ ಕಟ್ಟಿಗಿ ಕೊಣಮಿಗಿ ಒಂದು ಇಟ್ಟು ಕೈ ತೊಳಕೊಂಡಿದ್ದ. ಇಷ್ಟು ದಿನ ನನ್ನ ಕಣ್ಣಿಗಿ ಅದು ಬಿದ್ದಿರಲಿಲ್ಲ.

ಅಷ್ಟಕ್ಕ ಬಿಟ್ರೇನು? "ಕೊಣಮಿಗ್ಯಾಗ ಒಣ ಹಿಟ್ಟೆಲ್ಲಿ?" ಅಂದಳು ಒಬ್ಬಾಕಿ. "ನೀರಿನ ಬಟ್ಟಲು ಎಡಕ್ಕ ಯಾಕಿಟ್ರಿ, ಈಕಿ ಎಡಚಿ ಏನು?" ಅಂದಳು ಇನ್ನೊಬ್ಬಾಕಿ. ಮೂರನೆಯಾಕಿ ಒಲಿ ನೋಡಿ ಹಣಿ ಬಡಕೊಂಡಳು: "ಒಲಿ ಬಾಯಿ ಬಾಗಲದ ಕಡಿ ಮಾಡ್ಯಾರ. ಗಾಳಿ ಬಂದ್ರ ಕೆಂಡ ಎಲ್ಲಾ ಉಡ್ಯಾಗ!" ನೋಡ್ನೋಡ್ತಾ ಸೆರಗು ಸೊಂಟಕ್ಕ ಸಿಗಿಸಿದ್ರು. ಒಲಿ ಕಲ್ಲು ತಿರುಗಿಸಿದ್ರು, ಗಡಿಗಿ ಸರಿಸಿದ್ರು, ಮೂಲ್ಯಾಗಿನ ಜೇಡರಬಲಿ ತಗದ್ರು. ನಾ ಗಾಬರ್ಯಾಗಿ ಗೋಡಿ ಕಡಿ ಕೈ ಮಾಡಿದೆ: "ಯವ್ವಾ, ಬೋರ್ಡ್ ನೋಡ್ರಿ! ‘ಮುಟ್ಟಬೇಡಿ’ ಅಂತ ಬರ್ದಾರ!"

ಆ ಆಯಿ ನನ್ನ ಕೈಯಾಗ ಕಸಬರಗಿ ಕೊಟ್ಟಳು.

"ನೀ ಅದನ್ನ ಓದಿ ಓದೇ ಮನಿ ಇಷ್ಟು ಹೊಲಸು ಮಾಡೀದಿ."

೩. ಬೋರ್ಡಿನಾಗ ಹೋಗಿಬಿಟ್ಟವ

ಕುರಿ ಕಾಯೋರ ಗುಡಿಸಲದಾಗ ಒಂದು ಕಂಬಳಿ ತೂಗು ಹಾಕಿ, ಕೆಳಗ ಬೋರ್ಡ್ ಹಚ್ಯಾರ: "ಹಿಂದೆ ಕುರಿಗಾಹಿಗಳು ಇಂಥ ಕಂಬಳಿ ಬಳಸುತ್ತಿದ್ದರು."

ಔರಾದ ತಾಲೂಕಿನ ಕುರಿ ಕಾಯೋ ಅಣ್ಣ ಒಬ್ಬಾತ, ಬೀದರಕ್ಕ ಕುರಿ ಔಷಧಕ್ಕ ಬಂದವ, ನಮ್ಮಲ್ಲೂ ಬಂದಾ. ಎಲ್ಲಾ ನೋಡ್ಕೊಂಡು ಹೊರಗ ಹೋಗ್ಲಿಕ್ಕತ್ತಾಗ ಗೇಟಿನ ಚಾಚಾ ಅವನ್ನ ಹಿಡದಾ. "ಅಕ್ಕಾ, ಜಲ್ದಿ ಬರ್ರಿ! ಕಂಬಳಿ ಚೋರಿ ಆಗ್ಯದ!"

ನಾ ಓಡಿ ಬಂದೆ. ಅಣ್ಣನ ಹೆಗಲ ಮ್ಯಾಲ ಅಂಥದೇ ಕಪ್ಪು ಕಂಬಳಿ. "ಇದು ನನ್ನದು," ಅಂತಾನ ಆತ. "ಇಂಥದು ಈಗ ಯಾರೂ ಹಾಕೋದಿಲ್ಲ, ಬೋರ್ಡಿನಾಗೇ ಬರ್ದದ," ಅಂತಾನ ಚಾಚಾ. ಮೂವರೂ ಗುಡಿಸಲಕ್ಕ ಹೋಗಿ ನೋಡಿದ್ರ ನಮ್ಮ ಕಂಬಳಿ ಅಲ್ಲೇ ತೂಗಾಡ್ಲಿಕ್ಕತ್ತದ. ಚಾಚಾನ ಮಾರಿ ಸಣ್ಣದಾತು. ಅಣ್ಣ ನಮ್ಮ ಕಂಬಳಿ ಹಿಡಿದು, ಬೆರಳಿನಾಗ ತಿಕ್ಕಿ ನೋಡಿ, "ಇದು ಮಿಲ್ಲಿನ ಮಾಲು. ಇದನ್ನ ಕದೀಲಿಕ್ಕ ನನಗೇನು ಹುಚ್ಚು ಹಿಡದದೇನು?" ಅಂದಾ. ಆಮ್ಯಾಲ ಬೋರ್ಡ್ ತೋರಿಸಿ ಕೇಳಿದಾ: "ನಾ ಇನ್ನೂ ಜೀವಂತ ಇದ್ದೀನಲ್ರಿ ಅಕ್ಕಾ, ‘ಬಳಸುತ್ತಿದ್ದರು’ ಅಂತ ಯಾಕ ಬರದೀರಿ?"

ನನಗ ಕೆಟ್ಟನಿಸಿತು. ತಪ್ಪಾತು ಅಂದು, ಚಾ ಕೊಟ್ಟು, ಊಟ ಮಾಡಿ ಹೋಗ್ರಿ ಅಂದೆ. ಆತ ಗುಡಿಸಲದ ಮುಂದ ಕಂಬಳಿ ಹೊದ್ಕೊಂಡು, ಬುತ್ತಿ ಬಿಚ್ಚಿ ಕುಂತಾ. ಆಗ ಕಾಲೇಜ್ ಹುಡುಗ್ಯಾರ ದಂಡು ಬಂತು. ಬಾಜೂಕ ನಿಂತು ಫೋಟೋ ತಗೊಂಡ್ರು. ಆತ ಪಾಪ, ಫೋಟೋ ಕೆಡಬಾರದಂತ ಬಾಯಾಗಿನ ತುತ್ತು ನುಂಗಲಾರದೇ ಅಲುಗಾಡದೇ ಕುಂತಿದ್ದ. ಒಬ್ಬಾಕಿ ಅವನ ಮೀಸಿ ಹತ್ತರ ಬಗ್ಗಿ ನೋಡಿ, "ಎಷ್ಟು ಛಂದ ಮಾಡ್ಯಾರಲ್ಲ!" ಅಂದಳು.

ಅಣ್ಣ ತುತ್ತು ನುಂಗಿದಾ.

"ನಮ್ಮವ್ವ ಮಾಡ್ಯಾಳ," ಅಂದಾ.

ಚೀರಿ ಓಡಿದ ಹುಡುಗ್ಯಾರನ್ನ ಕರಕೊಂಡು ಬರ್ಲಿಕ್ಕ ಚಾಚಾ ಬಗದಲ್ ತನಕ ಹೋಗಿದ್ದ.

೪. ಸಾಹೇಬರ ಒಪ್ಪಿಗಿ

ಈಗ ದೊಡ್ಡದು ಕೇಳ್ರಿ.

ನಮ್ಮಣ್ಣನ ಮಗಳು ಬೀದರದಾಗೇ ರಕ್ತ ತಪಾಸಣಿ ಮಾಡೋ ಲ್ಯಾಬಿನಾಗ ಕೆಲಸ ಮಾಡ್ತಾಳ. ನನಗ ಅತ್ತಿ ಅಂತಾಳ, ಬಾಯಿ ಮಾತ್ರ ನನ್ನದೇ ಬಂದದ. ಆಕಿಗಿ ಔರಾದದ ಕಡಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಸಾಲಿ ಮಾಸ್ತರ. ಒಂದು ಬುಧವಾರ ಮುಂಜಾನಿ ಹುಡುಗನ ದೊಡ್ಡಪ್ಪ ಫೋನ್ ಹಚ್ಚಿದ್ರು: ಬೀದರದ ದವಾಖಾನಿಗಿ ಯಾರನ್ನೋ ಮಾತಾಡಿಸಲಿಕ್ಕ ಬಂದೀವಿ, ಮಧ್ಯಾಹ್ನ ಹುಡುಗಿ ತೋರಿಸಿಬಿಡ್ರಿ.

ಎಲ್ಲಿ ತೋರಿಸೋದು? ಅಣ್ಣನ ಮನಿ ಭಾಲ್ಕ್ಯಾಗ. ನಮ್ಮದು ಒಂದೇ ಖೋಲಿ, ಅದರಾಗ ನನ್ನ ಮಗಳ ಬಾಣಂತನ ನಡದದ. ಹೋಟೆಲಿನಾಗ ಹೆಣ್ಣು ತೋರಿಸೋದು ನಮ್ಮ ಮಂದಿಗಿ ಬರೋಬರಿ ಕಾಣೋದಿಲ್ಲ, ಹೊಸ್ತಿಲ ಇರೋ ಮನಿನೇ ಆಗ್ಬೇಕು. ನನ್ನ ತಲ್ಯಾಗ ಏನು ಹೊಕ್ಕಿತೋ, "ಇಲ್ಲಿ ಎಂಟು ಮನಿ ಖಾಲಿ ಬಿದ್ದಾವ, ಕರಕೊಂಡು ಬರ್ರಿ," ಅಂದುಬಿಟ್ಟೆ. ಬುಧವಾರ ಮಧ್ಯಾಹ್ನ ಅಲ್ಲಿ ಯಾರೂ ಬರೋದಿಲ್ಲ.

ವಾಡೇದ ಪಡಸಾಲ್ಯಾಗ ಜಮಖಾನಿ ಹಾಸಿದೆ. ಪೋರಿ ಲ್ಯಾಬಿನಿಂದ ಸೀದಾ ಬಂದಳು. ಅಣ್ಣ, ವೈನಿ, ವೈನಿ ತಮ್ಮ, ಅಂದ್ರ ಹುಡುಗಿ ಸೋದರಮಾವ, ಭಾಲ್ಕಿ ಬಸ್ಸಿಗಿ ಬಂದಿಳಿದ್ರು. ಆ ಕಡಿಯಿಂದ ಹುಡುಗ, ಅವನ ಅವ್ವ, ದೊಡ್ಡಪ್ಪ. ಎಲ್ಲಾರಿಗೂ ಚುರುಮುರಿ ಸುಸಲಾ ಕೊಟ್ಟು ಚಾಕ್ಕ ಇಟ್ಟಿದ್ದೆ. ಚಾಚಾ ಗೇಟಿನ ಕಡಿಯಿಂದ ಎರಡೂ ಕೈ ಬೀಸಿದಾ. ಏನಂತ ನೋಡೋದ್ರಾಗ ಬೆಂಗಳೂರ ಸಾಹೇಬರು ಹೊಸ್ತಿಲದಾಗ ನಿಂತಿದ್ರು.

ಸರಕಾರಿ ಮನ್ಯಾಗ ಅಣ್ಣನ ಮಗಳ ಹೆಣ್ಣು ನೋಡೋ ಕಾರ್ಯಕ್ರಮ! ನೌಕರಿ ಹೋತು ಅಂತ ಅಲ್ಲೇ ಕಂಬ ಹಿಡಕೊಂಡು ನಿಂತೆ.

ಹುಡುಗನ ದೊಡ್ಡಪ್ಪ, ಇವರು ಯಾರೋ ತಡಾ ಮಾಡಿ ಬಂದ ಹುಡುಗಿ ಕಡಿ ಹಿರಿಯರು ಅಂತ ತಿಳಕೊಂಡು ಎದ್ದು ನಿಂತ್ರು. "ಬರ್ರಿ ಬರ್ರಿ, ನಿಮ್ಮ ಸಲುವಾಗೇ ಕಾಯ್ಲಿಕ್ಕತ್ತಿದ್ವಿ. ಬೂಟು ಅಲ್ಲೇ ಬಿಡ್ರಿ."

ಸಾಹೇಬರು ಕುಂತ ಮಂದಿನ್ನೆಲ್ಲಾ ಒಮ್ಮಿ ನೋಡಿದ್ರು. ಆಮ್ಯಾಲ ಅವರ ಮಾರಿ ಅರಳಿತು. "ಓಹೋ! ನೋಡೋಕೆ ಬಂದವರನ್ನೂ ಸೇರಿಸಿಕೊಳ್ತೀರಾ? ತುಂಬಾ ಚೆನ್ನಾಗಿದೆ ಯೋಚನೆ!" ಅಂದು, ಬೂಟು ಬಿಟ್ಟು ಜಮಖಾನಿ ಮ್ಯಾಲ ಚಕ್ಕಳಮಕ್ಕಳ ಹಾಕಿ ಕುಂತೇ ಬಿಟ್ರು. ಇದೆಲ್ಲಾ ನಾವು ಆಡಿ ತೋರಿಸೋ ಆಟ ಅಂತ ಅವರು ತಿಳಕೊಂಡಾರಂತ ನನಗ ಆಗ ಹೊಳೀತು. ಬಾಯಿ ಬಿಟ್ರ ನೌಕರಿ ಹೋಗ್ತದ, ಸುಮ್ಮನಿದ್ರ ಏನಾಗ್ತದೋ ಗೊತ್ತಿಲ್ಲ. ಕಾಯಂ ಬಾಯಿ ಅವತ್ತೊಂದು ದಿನ ರಜಾ ಹಾಕ್ತು.

"ನೀವು ಹುಡುಗಿಗಿ ಏನಾಗಬೇಕ್ರಿ?" ಅಂತ ದೊಡ್ಡಪ್ಪ ಕೇಳಿದ್ರು.

ಸಾಹೇಬರು ಜರಾ ವಿಚಾರ ಮಾಡಿದ್ರು. "ನಾನಾ? ನಾನು... ಸೋದರಮಾವ!"

ಖರೇ ಸೋದರಮಾವ ಬಾಯಿತನಕ ಒಯ್ದ ಸುಸಲಾ ಅಲ್ಲೇ ಹಿಡಕೊಂಡು ಕುಂತಾ.

ಹುಡುಗಿ ಚಾ ತಂದಳು. ಹುಡುಗನ ಅವ್ವ ಕೇಳಿದ್ರು: "ರೊಟ್ಟಿ ಬಡೀಲಿಕ್ಕ ಬರ್ತದೇನವ್ವ?"

"ಬರ್ತದ್ರಿ. ನಿಮ್ಮ ಮಗಗ ಬರ್ತದೇನ್ರಿ?"

ಸಾಹೇಬರು ಚಪ್ಪಾಳಿ ಹೊಡದ್ರು. "ವಾಹ್! ಈ ಸಂಭಾಷಣೆ ಯಾರು ಬರೆದದ್ದು?" ಹುಡುಗ ನಾಚಿ ನೆಲ ಕೆರೀಲಿಕ್ಕತ್ತಾ. ಸಾಹೇಬರು ಅವನ್ನ ಮ್ಯಾಲಿಂದ ಕೆಳಗ ನೋಡಿ ಹೇಳಿದ್ರು: "ಹುಡುಗ ಸ್ವಲ್ಪ ಸಪ್ಪೆ. ಇನ್ನೂ ತಯಾರಿ ಬೇಕು."

ದೊಡ್ಡಪ್ಪಗ ಸಿಟ್ಟು ನೆತ್ತಿಗೇರ್ತು. "ಏನಂದ್ರಿ? ಎಂ.ಎ., ಬಿ.ಎಡ್. ಮಾಡ್ಯಾನ್ರಿ! ಇನ್ನೇನು ತಯಾರಿ ಬೇಕು ನಿಮಗ?"

"ಅದ್ಭುತ! ಕೋಪ ಅಂದ್ರೆ ಹೀಗಿರಬೇಕು!" ಅಂದು ಸಾಹೇಬರು ಅವರ ಕೈ ಕುಲುಕಿದ್ರು. ದೊಡ್ಡಪ್ಪಗ ಏನು ಮಾಡಬೇಕಂತ ತಿಳೀಲಿಲ್ಲ. ಕುಂತು ಚಾ ಕುಡದು, ಕಡೀಕ ಕೇಳೇಬಿಟ್ರು: "ನಮ್ಮಲ್ಲಿ ಸೋದರಮಾವನ ಮಾತೇ ಮಾತು. ನೀವೇ ಹೇಳಿಬಿಡ್ರಿ, ನಿಮ್ಮ ವಿಚಾರ ಏನು?"

ನಮ್ಮಣ್ಣ ಏಳಲಿಕ್ಕ ಹೋದಾ. ಅಷ್ಟರಾಗ ಸಾಹೇಬರು ಕೈ ಮ್ಯಾಲೆತ್ತಿ, "ನನಗೆ ಒಪ್ಪಿಗೆ!" ಅಂದ್ರು.

ನನ್ನ ನೌಕರಿ ಉಳಿಸಲಿಕ್ಕ ಹೋಗಿ ಪೋರಿ ಬಾಳೇ ಕೊಟ್ಟೆನಲ್ಲ ಅಂತ ಕಣ್ಣಾಗ ನೀರು ಬಂತು. ಆಕಿ ಚಾದ ತಾಟು ಎತ್ತಿಕೊಂತ ಹೇಳಿದಳು: "ಮಾವಗ ಒಪ್ಪಿಗಿ ಇದ್ರ ಮಾವನೇ ಮಾಡ್ಕೊಳ್ಳಲಿ. ನನಗ ಜರಾ ಟೈಮ್ ಬೇಕ್ರಿ."

ಸಾಹೇಬರು ನಕ್ಕೊಂತ ಎದ್ದು, ಎಲ್ಲಾರಿಗೂ ಕೈ ಮುಗಿದು ಹೋದ್ರು. ನಾ ಅತ್ಕೊಂತ ಎಲ್ಲಾ ಹಕೀಕತ್ ಹೇಳಿದೆ. ದೊಡ್ಡಪ್ಪ ಮೊದಲ ಬೈದ್ರು, ಆಮ್ಯಾಲ ತಾವೇ ಎಲ್ಲಾರಕಿಂತ ಜೋರಾಗಿ ನಕ್ರು.

ಹದಿನೈದು ದಿನಕ್ಕ ಬೆಂಗಳೂರಿಂದ ಪತ್ರ ಬಂತು. "ಬದುಕಿದೆ. ಹೆಣ್ಣು ನೋಡುವ ಶಾಸ್ತ್ರದ ಪ್ರಾತ್ಯಕ್ಷಿಕೆ ಅತ್ಯಂತ ಸಹಜವಾಗಿದೆ. ಪ್ರತಿ ಶನಿವಾರ ಇದೇ ತಂಡದಿಂದ ಮುಂದುವರಿಸತಕ್ಕದ್ದು." ಮ್ಯೂಸಿಯಂ ಉಳೀತು, ನಾ ಉಳದೆ, ಚಾಚಾನೂ ಉಳದಾ. ಆದ್ರ ಇದೇ ತಂಡ ಅಂದ್ರ? ನಾ ಹೋಗಿ ಪೋರಿ ಮುಂದ ಕೈ ಜೋಡಿಸಿದೆ. ಆಕಿ ಪತ್ರ ಎರಡು ಸಲ ಓದಿದಳು.

"ಆ ಮಾಸ್ತರನೂ ಬರ್ತಾನೇನು?"

"ಬರ್ಲೇಬೇಕು, ಸರಕಾರಿ ಆದೇಶ ಅದ."

"ಹಂಗಾದ್ರ ಹೂಂ ಅನ್ನಲಿಕ್ಕ ಅವಸರ ಏನದ ಅತ್ತಿ? ವಾರ ವಾರ ನೋಡ್ತೇನಿ ಬಿಡ್ರಿ."

ನಾಲ್ಕು ತಿಂಗಳು ಶನಿವಾರಕ್ಕೊಮ್ಮಿ ಔರಾದದ ಬಸ್ಸಿಗಿ ಅವರು ಬಂದ್ರು, ಮಂದಿ ಮುಂದ ಹೆಣ್ಣು ನೋಡಿದ್ರು. ದೊಡ್ಡಪ್ಪ ವಾರ ವಾರ ಸಿಟ್ಟಿಗೇಳೋದರಾಗ ಹೆಸರುವಾಸಿ ಆದ್ರು. ಹುಡುಗ ಆಟ ಮುಗಿದ ಮ್ಯಾಲ ವಾಡೇದ ಅಡಗಿ ಮನ್ಯಾಗ, ಭಾಲ್ಕಿ ಹೆಣ್ಮಕ್ಕಳು ತಿರುಗಿಸಿ ಕೊಟ್ಟ ಒಲಿ ಮುಂದ, ರೊಟ್ಟಿ ಬಡೀಲಿಕ್ಕ ಕಲೀತಿದ್ದ. ಮೊದಲೆಲ್ಲಾ ಬಡಿಯೋದ್ರಾಗೇ ಹರೀತಿತ್ತು. ಮೊನ್ನಿ ಶನಿವಾರ ಮೊದಲ ಸಲ ಒಂದು ರೊಟ್ಟಿ ಹರೀಲಾರದೇ ದುಂಡಗ ಹಂಚಿಗಿ ಬಿತ್ತು. ಬಾಜೂಕ ಸಿಮೆಂಟಿನಾಕಿ ಕೈ ಎತ್ತಿಕೊಂಡು ಕುಂತಿದ್ದಳು. ನಮ್ಮ ಪೋರಿ ಒಂದು ತುಕಡಿ ಮುರಿದು ಬಾಯಾಗ ಹಾಕ್ಕೊಂಡು, ಜರಾ ಹೊತ್ತು ಅಗಿದು, ನನ್ನ ಕಡಿ ತಿರುಗಿದಳು.

"ಅತ್ತಿ, ಇನ್ನ ಶನಿವಾರಕ್ಕ ಬ್ಯಾರೆ ಯಾರನ್ನರ ಹುಡ್ಕೊಳ್ರಿ."

"ಯಾಕವ್ವ? ಹುಡುಗ ಬ್ಯಾಡೇನು?"

"ಮದ್ವಿ ಆದ ಮ್ಯಾಲೂ ಹೆಣ್ಣು ನೋಡ್ಲಿಕ್ಕ ಬಂದ್ರ ಮಂದಿ ಏನಂತಾರ?"