ಅತ್ತೆಯ ಕಿವಿಗೆ ಹಾಕಿದ ರಿವರ್ಬ್

ಧ್ವನಿಮುದ್ರಣದ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಮಕ್ಕಳ ಕಥೆಗಳನ್ನು ಓದಿ ರೆಕಾರ್ಡ್ ಮಾಡಿ ಕಳಿಸುವುದೇ ನನ್ನ ಕೆಲಸ. ಬನಶಂಕರಿಯ ನಮ್ಮ ಬಾಡಿಗೆ ಮನೆಯ ಚಿಕ್ಕ ಕೋಣೆಯಲ್ಲಿ ಮೈಕು, ಹೆಡ್‌ಫೋನು, ಲ್ಯಾಪ್‌ಟಾಪು ಎಲ್ಲವೂ ಇವೆ. ಗೋಡೆಗೆ ಹಳೇ ಹಾಸಿಗೆಗಳನ್ನು ಒರಗಿಸಿ, ಬಾಗಿಲಿಗೆ ರಜಾಯಿ ಇಳಿಬಿಟ್ಟು, ಅದಕ್ಕೆ ‘ಸ್ಟುಡಿಯೋ’ ಎಂದು ಹೆಸರಿಟ್ಟಿದ್ದೇನೆ. ನಮ್ಮ ಯಜಮಾನರು ಅದನ್ನು ‘ಉಗ್ರಾಣ’ ಎನ್ನುತ್ತಾರೆ. ಹಿತ್ತಲ ಗಿಡ ಮದ್ದಲ್ಲ!

ಈ ವಿದ್ಯೆಯನ್ನು ಲೋಕಕ್ಕೆ ತೋರಿಸುವ ಅವಕಾಶ ಅತ್ತೆಯ ಮಂಡಿಯ ಮೂಲಕ ಬಂತು. ಅವರಿಗೆ ಮಂಡಿ ಆಪರೇಷನ್ ಆಗಿತ್ತು. ನಮ್ಮದು ಲಿಫ್ಟ್ ಇಲ್ಲದ ಮೂರನೇ ಮಹಡಿ. ಇನ್ನೂ ಒಂದು ತಿಂಗಳು ಮೆಟ್ಟಿಲಿನ ಕಡೆ ನೋಡಲೂ ಕೂಡದು ಎಂದಿದ್ದರು ಡಾಕ್ಟರು. ಅಷ್ಟರಲ್ಲೇ ಅತ್ತೆಯ ಮೊಮ್ಮಗಳ, ಅಂದರೆ ನನ್ನ ನಾದಿನಿ ಲತಾಳ ಮಗಳು ನಿಧಿಯ ಮದುವೆ, ಹುಳಿಮಾವಿನ ಛತ್ರದಲ್ಲಿ. ಈ ಮನೆತನದಲ್ಲಿ ಅತ್ತೆ ಆರತಿ ಹಾಡು ಹೇಳದ ಮದುವೆಯೇ ಇಲ್ಲ. ನಿಧಿಯದಂತೂ ಚಿಕ್ಕಂದಿನಿಂದ ಒಂದೇ ಮಾತು: “ಅಜ್ಜಿ ಹಾಡದೆ ನಾನು ಹಸೆಮಣೆಯಿಂದ ಏಳಲ್ಲ.”

“ಯೋಚನೆ ಮಾಡ್ಬೇಡಿ ಅತ್ತೆ. ನಾನು ರೆಕಾರ್ಡ್ ಮಾಡಿ ತಗೊಂಡ್ ಹೋಗ್ತೀನಿ” ಎಂದೆ.

“ಅವಳ ಕೈಗೆ ಕೊಟ್ಟಾಯ್ತಲ್ಲ, ಇನ್ನು ದೇವರೇ ಗತಿ” ಎಂದರು ಯಜಮಾನರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮದುವೆಗೆ ಎರಡು ದಿನ ಮುಂಚೆ ಅತ್ತೆಯನ್ನು ನಿಧಾನವಾಗಿ ಸ್ಟುಡಿಯೋಗೆ ಕರೆತಂದು, ಕುರ್ಚಿಯಲ್ಲಿ ಕೂರಿಸಿ, ಹೆಡ್‌ಫೋನ್ ತೊಡಿಸಿದೆ. ಎರಡು ಸಾಲು ಹಾಡಿದರು. ನಿಲ್ಲಿಸಿದರು. ಮುಖ ಬಾಡಿಹೋಯಿತು.

“ಇದು ನನ್ನ ದನಿಯೇನೇ? ನಿನ್ನೆ ಮೊನ್ನೆಯ ಚಪಾತಿ ಹಾಗಿದೆ! ಮಂಡಿ ಜೊತೆ ಗಂಟಲೂ ಹೋಯ್ತು ಬಿಡು.”

ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. ತಪ್ಪು ಅವರ ಗಂಟಲಿನದಲ್ಲ, ನನ್ನ ಹಾಸಿಗೆಗಳದು. ಛತ್ರಗಳಲ್ಲಿ, ದೇವಸ್ಥಾನಗಳಲ್ಲಿ ಹಾಡಿದವರಿಗೆ ದನಿಯ ಹಿಂದೆ ಒಂದು ಗುಂಯ್ ಬಂದೇ ಅಭ್ಯಾಸ. ನನ್ನ ಕೋಣೆಯ ಹಾಸಿಗೆಗಳು ಅದನ್ನು ಪೂರ್ತಿ ನುಂಗಿಬಿಟ್ಟಿದ್ದವು.

ಇದಕ್ಕೆ ಮದ್ದು ನನಗೆ ಗೊತ್ತಿತ್ತು. ರಿವರ್ಬ್! ಕಂಪ್ಯೂಟರೇ ಆ ಗುಂಯ್ ಸೇರಿಸುತ್ತದೆ. ಅದನ್ನು ಹಾಡುವವರ ಹೆಡ್‌ಫೋನಿಗೆ ಮಾತ್ರ ಕೊಡಬಹುದು, ರೆಕಾರ್ಡ್ ಆಗುವ ದನಿ ಇದ್ದ ಹಾಗೇ ಇರುತ್ತದೆ. ಸೀರೆ ಅಂಗಡಿಯ ಲೈಟಿನ ಹಾಗೆ. ಉಡುವವರಿಗೆ ಧೈರ್ಯ, ಸೀರೆಗೆ ಏನೂ ಆಗುವುದಿಲ್ಲ.

ಸ್ವಲ್ಪ ಹಾಕಿದೆ. ಅತ್ತೆ ಒಂದು ಸಾಲು ಹಾಡಿ ಕಣ್ಣರಳಿಸಿದರು.

“ಅಯ್ಯೋ, ಇದು ನಾನೇನೇ! ಇನ್ನೊಂಚೂರು ಹಾಕು.”

ಹಾಕಿದೆ.

“ಇನ್ನೊಂಚೂರು.”

ಸಾರಿಗೆ ಉಪ್ಪು ಹಾಕಿಸಿಕೊಳ್ಳುವಾಗಲೂ ಅವರು ಇಷ್ಟು ಕೇಳಿದವರಲ್ಲ! ಕೊನೆಗೆ ಅವರ ಕಿವಿಯಲ್ಲಿ ಸಾವಿರ ಕಂಬದ ಮಂಟಪವೇ ಎದ್ದು ನಿಂತಿತು. ಅತ್ತೆ ಒಂದು ಸಾಲು ಹಾಡುವುದು, ಕಣ್ಣು ಮುಚ್ಚಿ ಅದರ ಗುಂಯ್ ಪೂರ್ತಿ ಅಡಗುವ ತನಕ ಆನಂದಿಸುವುದು, ಆಮೇಲೆ ಮುಂದಿನ ಸಾಲು. ಮೂರು ನಿಮಿಷದ ಹಾಡು ಒಂಬತ್ತು ನಿಮಿಷಕ್ಕೆ ಬೆಳೆಯಿತು.

ಬಾಗಿಲಾಚೆ ನಿಂತಿದ್ದ ಯಜಮಾನರಿಗೆ ಹೆಡ್‌ಫೋನಿನ ಗುಂಯ್ ಕೇಳಿಸುವುದಿಲ್ಲವಲ್ಲ! ಅವರಿಗೆ ಕೇಳಿದ್ದು ಒಂದು ಸಾಲು, ಆಮೇಲೆ ಬರೀ ಮೌನ. ಅಮ್ಮನಿಗೆ ಹಾಡು ಮರೆತುಹೋಯಿತೆಂದು ಗಾಬರಿಬಿದ್ದು, ರಜಾಯಿ ಸರಿಸಿ, ತಲೆ ಒಳಗೆ ಹಾಕಿ, ಮುಂದಿನ ಸಾಲು ಹೇಳಿಕೊಟ್ಟರು. ಅದೂ ರೆಕಾರ್ಡ್ ಆಯಿತು. ಹೀಗೆ ನಾಲ್ಕು ಸಲ!

ಅವರನ್ನು ತರಕಾರಿ ತರಲು ಕಳಿಸಿ, ರಿವರ್ಬನ್ನು ಅತ್ತೆಗೆ ಗೊತ್ತಾಗದಂತೆ ಇಳಿಸಿ, ಐದನೇ ಸಲಕ್ಕೆ ಒಳ್ಳೆಯ ಹಾಡು ಪಡೆದೆ. ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಬದುಕುತ್ತಿದ್ದೆ. ಆದರೆ ಅತ್ತೆ ಅದನ್ನು ಕೇಳಬೇಕೆಂದರು. ಕೇಳಿಸಿದೆ.

“ಇದೇನೇ ಇದು? ಆ ಗುಂಯ್ ಎಲ್ಲಿ?”

“ಅದು ಬರೀ ನಿಮ್ಮ ಕಿವಿಗೆ ಹಾಕಿದ್ದು ಅತ್ತೆ...”

“ನನ್ನ ಕಿವಿಗೆ ಒಂದು, ಮೊಮ್ಮಗಳ ಕಿವಿಗೆ ಒಂದಾ?”

ಆ ಮಂಟಪವನ್ನು ಹಾಗೆಯೇ ಎತ್ತಿ ಹಾಡಿನ ಮೇಲೆ ಇಳಿಸಿದೆ. ಅತ್ತೆ ನನ್ನ ತಲೆ ಸವರಿದರು. ನನಗೆ ಕಣ್ಣು ತುಂಬಿ ಬಂತು, ನಿಜ ಹೇಳುತ್ತೇನೆ.

ಮದುವೆಯ ದಿನ ಛತ್ರದ ಮೈಕ್‌ಸೆಟ್ಟಿನವರಿಗೆ ಹಾಡು ಕೊಟ್ಟೆ. ಅವರು ಸ್ವಲ್ಪ ಕೇಳಿ, “ಮೇಡಂ, ಇದಕ್ಕೆ ಎಕೋ ಹಾಕ್ಬಿಟ್ಟಿದ್ದೀರಾ? ಈ ಹಾಲ್‌ಗೆ ಬೇಡವಾಗಿತ್ತು” ಎಂದರು.

“ಅದು ಎಕೋ ಅಲ್ಲ, ರಿವರ್ಬ್” ಎಂದು ತಿದ್ದಿದೆ. ಪಾಪ, ತಿಳಿಯದವರು!

ಆರತಿ ತಟ್ಟೆ ಹಿಡಿದು ಹೆಂಗಸರು ನಿಂತರು. ಹಾಡು ಶುರುವಾಯಿತು. ಎತ್ತರದ ತಗಡಿನ ಚಾವಣಿ, ಬರೀ ಗ್ರಾನೈಟ್ ನೆಲ. ಆ ಹಾಲಿನಲ್ಲಿ ಕೆಮ್ಮಿದರೂ ಗುಂಯ್ ಬರುತ್ತದೆ! ಅದರ ಮೇಲೆ ನನ್ನ ಮಂಟಪ ಬೇರೆ. ಮೊದಲ ಸಾಲು ಚಾವಣಿಗೆ ಬಡಿದು ವಾಪಸು ಬರುವಷ್ಟರಲ್ಲಿ ಮೂರನೆಯದು ಹೊರಟಿತ್ತು. ಒಂದಕ್ಷರ ತಿಳಿಯಲಿಲ್ಲ. ಪುರೋಹಿತರು ಮೇಲೆ ನೋಡಿದರು.

“ಅತ್ತಿಗೆ, ಅಮ್ಮ ಬಾವಿಗೆ ಬಿದ್ದು ಕೂಗ್ತಿರೋ ಹಾಗಿದೆ!” ಎಂದಳು ಲತಾ.

ನಿಧಿ ಮಾತ್ರ ನಗಲಿಲ್ಲ. ಹಸೆಮಣೆಯ ಮೇಲೆ ತುಟಿ ಕಚ್ಚಿಕೊಂಡು ಕೂತಿದ್ದಳು. ಆ ಮಗುವಿಗೆ ಬೇಕಿದ್ದದ್ದು ಅಜ್ಜಿಯ ದನಿಯೊಂದೇ. ಅದನ್ನೇ ನಾನು ಹೂತುಹಾಕಿದ್ದೆ.

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಮನೆಯಲ್ಲಿ ಮೊಬೈಲಿನಲ್ಲೇ ಮದುವೆಯ ಲೈವ್ ನೋಡುತ್ತಿದ್ದ ಅತ್ತೆ!

“ನಿಲ್ಸೇ ಅದನ್ನ ಮೊದ್ಲು! ಫೋನ್ ತಗೊಂಡ್ ಹೋಗಿ ಮೈಕ್ ಹತ್ರ ಹಿಡಿ.”

ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಮೈಕ್ ಹಿಡಿದೆ. ಬನಶಂಕರಿಯ ಮಂಚದ ಮೇಲೆ ಕಾಲು ಚಾಚಿ ಕೂತು, ಹೆಡ್‌ಫೋನಿಲ್ಲ ಏನಿಲ್ಲ, ಅತ್ತೆ ಹಾಡಿದರು. ಬೇಕಾದ ಗುಂಯ್ಯನ್ನು ಹಾಲೇ ಅಳತೆ ಮಾಡಿದಂತೆ ಕೊಟ್ಟಿತು. ಊಟದ ಮನೆಯಿಂದ ಜನ ಎದ್ದು ಬಂದರು. ನಿಧಿ ಅಳುತ್ತಾ ನಗುತ್ತಾ ಆರತಿ ಮಾಡಿಸಿಕೊಂಡು ಎದ್ದಳು. ನನಗೂ ತಡೆಯಲಾಗಲಿಲ್ಲ, ಆದರೆ ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಎಲ್ಲಾ ಮುಗಿದ ಮೇಲೆ ಮೈಕ್‌ಸೆಟ್ಟಿನವರು ನನ್ನ ಬಳಿ ಬಂದರು.

“ಮೇಡಂ, ಅಷ್ಟು ಹೊತ್ತೂ ನಿಮ್ಮ ಕೈ ಒಂಚೂರು ಅಲ್ಲಾಡ್ಲಿಲ್ಲ. ಭಾನುವಾರ ಜೆಪಿ ನಗರದಲ್ಲಿ ಇನ್ನೊಂದು ಮದುವೆ ಇದೆ. ನಮ್ಮ ಹತ್ರ ಮೈಕ್ ಸ್ಟ್ಯಾಂಡ್ ಒಂದು ಕಮ್ಮಿ ಬಿದ್ದಿದೆ. ಬರ್ತೀರಾ?”

ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ.