ಭಾವನ ರಾಗಿ ಚೀಲ

ನಮ್ಮ ಭಾವನವರಿಗೆ ಇಬ್ಬರು ಹೆಂಡತಿಯರು. ಮೊದಲನೆಯವಳು ರಾಗಿ, ಎರಡನೆಯವಳು ನಮ್ಮಕ್ಕ!

ಅರವತ್ತರ ದಶಕದ ಕೊನೆಯಲ್ಲಿ ಅವರು ಬೆಂಗಳೂರಿನಲ್ಲಿ ಕೃಷಿ ಸಂಶೋಧನೆಯ ಫೆಲೋ ಆಗಿದ್ದರು. ಹಾಗೆಂದರೆ ಏನು ಉದ್ಯೋಗವೆಂದು ದೊಡ್ಡಬಳ್ಳಾಪುರದ ಹತ್ತಿರದ ನಮ್ಮ ಹಳ್ಳಿ ಮಧುರೆಯಲ್ಲಿ ಯಾರಿಗೆ ಗೊತ್ತು? "ಓದು ಮುಗ್ದಿಲ್ವಂತೆ, ಆದ್ರೆ ಸಂಬಳ ಬರ್ತದಂತೆ" ಎಂದು ಖುಷಿಪಟ್ಟು ಅಪ್ಪ ಹೆಣ್ಣು ಕೊಟ್ಟುಬಿಟ್ಟರು. ಧಾರೆಯ ಹೊತ್ತಿನಲ್ಲಿ ಭಾವ ತಲೆಯ ಮೇಲೆ ಬಿದ್ದ ಅಕ್ಷತೆಯ ಕಾಳೊಂದನ್ನು ಬೆಳಕಿಗೆ ಹಿಡಿದು, "ಇದು ಯಾವ ತಳಿ ಅಕ್ಕಿ?" ಎಂದು ಪುರೋಹಿತರನ್ನೇ ಕೇಳಿದರು. ಪುರೋಹಿತರಿಗೆ ಮಂತ್ರವೇ ಮರೆತುಹೋಯಿತು!

ಒಮ್ಮೆ ರಾಗಿ ಪೈರಿನ ಕುಂಡವನ್ನು ತಬ್ಬಿಕೊಂಡು ದೊಡ್ಡಬಳ್ಳಾಪುರದ ಬಸ್ಸು ಹತ್ತಿದರು. ಪೈರನ್ನು ಕಿಟಕಿಯ ಪಕ್ಕ ಕೂರಿಸಿ ತಾವು ನಿಂತರು.

"ಏನ್ಸಾಮೀ, ಇದಕ್ಕೂ ಟಿಕೆಟ್ ಹರೀಲಾ?" ಎಂದ ಕಂಡಕ್ಟರ್.

"ಅರ್ಧ ಟಿಕೆಟ್ ಕೊಡಪ್ಪಾ. ಇನ್ನೂ ತೆನೆ ಬಿಟ್ಟಿಲ್ಲ."

ಎರಡು ತಳಿ ಬೆರೆಸಿ ತಾವೇ ಮಾಡಿದ ಹೊಸ ರಾಗಿಯನ್ನು ಆ ವರ್ಷ ನಮ್ಮ ಹೊಲದ ಮೂಲೆಯಲ್ಲಿ ಬೆಳೆದರು. ಅದು ಅವರ ಕಚೇರಿಯ ಸಾಹೇಬರಿಗೆ ಒಪ್ಪಿಗೆಯಾದರೆ ಒಂದು ವರ್ಷ ವಿದೇಶದಲ್ಲಿ ತರಬೇತಿ! ಭಾವನಿಗೆ ಹಗಲೂ ಇರುಳೂ ಅದೇ ಕನಸು. ಹೊಲಕ್ಕೆ ಬರುವ ಗುಬ್ಬಿಗಳನ್ನು ಹೆಸರು ಹಿಡಿದು ಬೈಯುತ್ತಿದ್ದರು, ಹೆಸರಿಟ್ಟವರೂ ಅವರೇ. ಕೊಯ್ಲು, ಒಕ್ಕಣೆ ಮುಗಿದ ಮೇಲೆ ಬಂದ ಅಷ್ಟೂ ಬೀಜವನ್ನು ಒಂದು ಪುಟ್ಟ ಚೀಲಕ್ಕೆ ತುಂಬಿ, ನಡುಮನೆಯ ತೊಲೆಗೆ ನೇತುಹಾಕಿ, ಅಮ್ಮನಿಗೆ ಕಟ್ಟಪ್ಪಣೆ ಮಾಡಿದರು.

"ಅತ್ತೆ, ಇದನ್ನ ಯಾರೂ ಮುಟ್ಬಾರ್ದು. ಬೆಂಗ್ಳೂರಿಂದ ಸಾಹೇಬ್ರು ಬರ್ತಾರಲ್ಲ, ಅವರಿಗೇಂತ ಇಟ್ಟಿರೋದು."

ಬರುವ ನೆಂಟರಿಗೆಂದು ಎತ್ತಿಟ್ಟ ರಾಗಿಯನ್ನು ನಮ್ಮ ಕಡೆ ಏನು ಮಾಡುತ್ತಾರೆ, ನೀವೇ ಹೇಳಿ!

ಮೂವರು ಸಾಹೇಬರು ಬಂದರು. ಅಮ್ಮ ಬಿಸಿಬಿಸಿ ಮುದ್ದೆ, ಅವರೆಕಾಳಿನ ಸಾರು ಮಾಡಿದ್ದಳು. ಭಾವನೇ ನಿಂತು ಬಡಿಸಿದರು. ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ಉಂಡು, "ಸರಿ, ಈಗ ಬೀಜ ತೋರಿಸಿ" ಎಂದರು. ಭಾವ ತೊಲೆಯತ್ತ ನೋಡಿದರು. ಅಲ್ಲಿ ಬರೀ ಹಗ್ಗ ತೂಗುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಹೆಮ್ಮೆಯಿಂದ, "ಅದನ್ನೇ ಕಣಪ್ಪಾ ಬೀಸಿ ಮುದ್ದೆ ಮಾಡಿದ್ದು! ಮನೆಯವ್ರು ಯಾರೂ ಒಂದು ಕಾಳೂ ಮುಟ್ಟಿಲ್ಲ" ಎಂದಳು.

ಹಿರಿಯ ಸಾಹೇಬರು ತಮ್ಮ ಖಾಲಿ ತಟ್ಟೆಯನ್ನೊಮ್ಮೆ ನೋಡಿದರು. "ರುಚಿಗೇನೋ ಪೂರ್ತಿ ಅಂಕ ಕೊಡಬಹುದು. ಆದರೆ ಬೀಜವೇ ಇಲ್ಲದೆ ನಿಮ್ಮನ್ನ ಹೇಗಯ್ಯಾ ಕಳಿಸೋದು?" ಎಂದು ಜೀಪು ಹತ್ತಿದರು. ವಿದೇಶದ ತರಬೇತಿ ಬೇರೆ ಯಾರದೋ ಪಾಲಾಯಿತು.

ತಾನು ಮಾಡಿದ್ದೇನೆಂದು ಅಮ್ಮನಿಗೆ ಆಗ ಅರ್ಥವಾಯಿತು. ಒಲೆಯ ಮುಂದೆ ಕುಸಿದು ಕೂತಳು. ಭಾವ ಅಂಗಳದಲ್ಲಿ ಒಬ್ಬರೇ ನಿಂತಿದ್ದರು, ಕಣ್ಣು ಕೆಂಪಾಗಿತ್ತು. ಗುಬ್ಬಿಗೇ ಅಷ್ಟು ಬೈಯುವವರು ಅತ್ತೆಯನ್ನು ಬಿಟ್ಟಾರೆಯೇ ಎಂದು ನಾನು ಅಡುಗೆಮನೆಯ ಬಾಗಿಲ ಮರೆಗೆ ಸರಿದೆ. ಅವರು ಕೈಕಾಲು ತೊಳೆದು ಒಳಗೆ ಬಂದು, ಒಲೆಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು.

"ಅತ್ತೆ, ನಂಗೂ ಒಂದು ಮುದ್ದೆ ಹಾಕಿ."

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಹಾಕಿದಳು. ಭಾವ ಒಂದು ತುತ್ತು ನುಂಗಿ ತಲೆಯೆತ್ತಿದರು. ಆ ಮನುಷ್ಯನ ಮೇಲೆ ನನಗೆ ಅವತ್ತು ಬಂದಷ್ಟು ಪ್ರೀತಿ ಬೇರೆ ಯಾವತ್ತೂ ಬಂದಿಲ್ಲ.

"ಇಷ್ಟು ದಿನ ತೂಕ ಮಾಡ್ದೆ, ಅಳತೆ ಮಾಡ್ದೆ, ತಿಂದು ಮಾತ್ರ ನೋಡಿರ್ಲಿಲ್ಲ ಅತ್ತೆ," ಎಂದರು. "ತುಂಬಾ ಚೆನ್ನಾಗಿದೆ. ಅಳ್ಬೇಡಿ, ಇನ್ನೊಂದು ಹಾಕಿ."