ಬಿಸಿ ಕಂಪ್ಯೂಟರು ಮತ್ತು ಹಸಿ ಹಪ್ಪಳ

ಕೆಲಸ ಬೇಗ ಮುಗಿದರೆ ಮನೆಯವರಿಗೆಲ್ಲ ಸಂತೋಷವಾಗುತ್ತದೆ ಎಂಬುದು ಶುದ್ಧ ಭ್ರಮೆ. ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಲೆಕ್ಚರರ್. ಉಳಿದ ಹೊತ್ತು ಬಂಟ್ವಾಳದ ಬಾಡಿಗೆ ಮನೆಯಲ್ಲಿ ಕುಳಿತು, ಪ್ರಕೃತಿಗೇ ಹೊಳೆಯದ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುತ್ತೇನೆ. ಪ್ರೋಟೀನೆಂದರೆ ಒಂದು ಉದ್ದದ ಸರ. ಅದು ನಮಗೆ ಬೇಕಾದ ಆಕಾರಕ್ಕೇ ಮಡಚಿಕೊಳ್ಳಬೇಕು. ಯಾವ ಸರ ಹಾಗೆ ಮಾತು ಕೇಳೀತು ಎಂದು ಲೆಕ್ಕ ಹಾಕುತ್ತಾ ನನ್ನ ಕಂಪ್ಯೂಟರು ದಿನಗಟ್ಟಲೆ ಬುಸುಗುಡುತ್ತಿತ್ತು, ಬಿಸಿಗಾಳಿ ಬಿಡುತ್ತಿತ್ತು.

ಈ ಜೂನಿನಲ್ಲಿ ಬಿಸಿಲು ಕೈಕೊಟ್ಟಿತು. ಮಗಳ ಮನೆಯೆಂದು ನಮ್ಮಲ್ಲಿಗೆ ಬಂದಿದ್ದ ಅತ್ತೆ ಆಗಲೇ ಹಲಸಿನ ಹಪ್ಪಳ ಒತ್ತಿಯಾಗಿತ್ತು. ಭಾನುವಾರ ದುಬೈಗೆ ಹೊರಡುವ ಚಿಕ್ಕ ಮಗಳ ಕೈಗೆ ಅದನ್ನು ಕೊಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಕಂಪ್ಯೂಟರಿನ ಹಿಂದೆ ಚಾಪೆ, ಚಾಪೆಯ ತುಂಬ ಹಪ್ಪಳ.

"ಇದರ ಬಿಸಿ ಸುಮ್ಮನೆ ಹಾಳಾಗ್ತಾ ಉಂಟಲ್ಲ," ಎಂದರು ಅತ್ತೆ. ನನ್ನ ಸಂಶೋಧನೆಯಲ್ಲಿ ನಮ್ಮ ಮನೆಯವರೊಬ್ಬರು ಆಸಕ್ತಿ ತೋರಿಸಿದ್ದು ಅದೇ ಮೊದಲು. ನನಗೆ ಹೆಮ್ಮೆಯೇ ಆಯಿತು.

ಅದೇ ವಾರ ನನ್ನ ಬುದ್ಧಿ ಚುರುಕಾಗಬೇಕೇ? ಎಲ್ಲ ಸರಗಳನ್ನೂ ಕೊನೆತನಕ ಪರೀಕ್ಷಿಸುವ ಬದಲು, ಕೆಲಸಕ್ಕೆ ಬಾರದವನ್ನು ಆರಂಭದಲ್ಲೇ ಕೈಬಿಡುವ ಉಪಾಯ ಹೊಳೆಯಿತು. ದಿನಗಟ್ಟಲೆಯ ಲೆಕ್ಕ ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು. ಕುಣಿಯುತ್ತಾ ಎದ್ದು ನೋಡಿದರೆ ಚಾಪೆಯ ಸುತ್ತ ಸೂತಕದ ಕಳೆ.

"ಇದು ತಣ್ಣಗಾಗಿದೆ. ಎಂತ ಮಾಡಿದ್ರಿ?" ಹೆಂಡತಿ ಕೇಳಿದಳು.

"ವೇಗ ಹೆಚ್ಚಿಸಿದೆ ಮಾರಾಯ್ತಿ."

"ಭಾನುವಾರದವರೆಗೆ ನಿಧಾನ ಮಾಡ್ಲಿಕ್ಕೆ ಆಗುದಿಲ್ವಾ?"

ಅತ್ತೆ ಒಂದು ಹಪ್ಪಳ ಎತ್ತಿ ಬೆಳಕಿಗೆ ಹಿಡಿದರು. ಅಂಚಿನಲ್ಲಿ ಬೂಷ್ಟು ಇನ್ನೇನು ಇಣುಕುವುದರಲ್ಲಿತ್ತು. ಅವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಆದರೆ ಸಂಶೋಧಕನಾದವನು ವೇಗವನ್ನು ಹಿಂದಕ್ಕೆ ತೆಗೆದುಕೊಳ್ಳುವುದುಂಟೇ? ಅದರ ಬದಲು ಕೆಲಸವನ್ನೇ ಹೆಚ್ಚಿಸಿದೆ. ಚಕ್ಕುಲಿಯಂಥದ್ದು, ಕೊಡೆಯಂಥದ್ದು ಎಂದು ಯಾರಿಗೂ ಬೇಡದ ಪ್ರೋಟೀನುಗಳನ್ನೆಲ್ಲ ವಿನ್ಯಾಸ ಮಾಡಲು ಕೊಟ್ಟೆ. ಕಂಪ್ಯೂಟರು ಮತ್ತೆ ಬಿಸಿಯೇರಿತು. ಅತ್ತೆ ಆಗಾಗ ಬಂದು ಚಾಪೆ ಮುಟ್ಟಿ ನೋಡಿ, "ಇನ್ನೂ ನಾಲ್ಕು ಪ್ರೋಟೀನು ಹಾಕಿ, ಈ ಬದಿ ಹಸಿ ಉಂಟು," ಎಂದು ನನಗೆ ಮಾರ್ಗದರ್ಶನ ಮಾಡಿದರು.

ಭಾನುವಾರ ನಾದಿನಿ ಗರಿಗರಿ ಒಣಗಿದ ಹಪ್ಪಳ ಕಟ್ಟಿಕೊಂಡು ವಿಮಾನ ಹತ್ತಿದಳು. ನಾನು ಪ್ರೋಟೀನುಗಳ ವಿನ್ಯಾಸಗಳನ್ನು ತಯಾರಿಸಿ ನೋಡಲು ಪ್ರಯೋಗಾಲಯಕ್ಕೆ ಕಳುಹಿಸಿದೆ. ಮೊನ್ನೆ ಎರಡೂ ಕಡೆಯಿಂದ ವರದಿ ಬಂತು.

"ಭಾವ, ಹಪ್ಪಳ ಭಾರೀ ಲಾಯ್ಕ ಆಗಿದೆ, ಒಂದೂ ಹಾಳಾಗ್ಲಿಲ್ಲ," ಎಂದಳು ನಾದಿನಿ. ಪ್ರೋಟೀನುಗಳಲ್ಲಿ ಮಾತ್ರ ಒಂದೂ ಆಕಾರಕ್ಕೆ ಬಂದಿರಲಿಲ್ಲ, ಎಲ್ಲ ಮುದ್ದೆ. ಆದರೂ ವಿಭಾಗದ ಮುಖ್ಯಸ್ಥರ ಮುಂದೆ ಹೊಸ ವಿಧಾನದ ಲಾಭವನ್ನು ನಾನು ಧೈರ್ಯವಾಗಿಯೇ ಹೇಳಿದೆ: ಇಷ್ಟೊಂದು ಪ್ರೋಟೀನುಗಳನ್ನು ಕೆಡಿಸಲು ಮೊದಲಾದರೆ ನನಗೆ ಇಡೀ ವರ್ಷ ಬೇಕಾಗುತ್ತಿತ್ತು.